ಗುನ್‌ವೋರ್ ತಂದ ಹಸಿರು ಕೇಕ್

ನನ್ನ ಮುದ್ದು ತೂವಾ,

ಗೋಟ್ಲಂಡ್ ದ್ವೀಪದಲ್ಲಿ ನನ್ನ ಮದುವೆಯಾಯಿತು ಕಣೇ! ಎಲಿಯಾಸ್ ದಿನಾ ಕಾಫಿ ಮಾಡಿಕೊಡುತ್ತಾನೆ, ನಾನು ಕಾರಣವಿಲ್ಲದೆ ನಗುತ್ತೇನೆ. ಈ ಪತ್ರ ಅಂಚೆಗೆ ಹೋಗುವುದಿಲ್ಲ, ಅದಕ್ಕೇ ಇಷ್ಟು ಧೈರ್ಯ.

ಇವತ್ತು ವಾರ್ಡಿನಲ್ಲಿ ನಮ್ಮ ಮಾರ್ಗದರ್ಶಕಿ ಗುನ್‌ವೋರ್, ಹೆರಿಗೆ ನೋವಿನಲ್ಲಿದ್ದ ಹೆಂಗಸೊಬ್ಬಳನ್ನು ಪರೀಕ್ಷಿಸುತ್ತಿದ್ದರು. "ಬೇಡ, ಕೈ ತೆಗೀರಿ!" ಎಂದಳು ಅವಳು. "ಆಯ್ತು ಪುಟ್ಟಿ, ಮುಗ್ದೇಹೋಯ್ತು" ಎನ್ನುತ್ತಾ ಗುನ್‌ವೋರ್ ಕೈಯನ್ನು ಇನ್ನೂ ಒಳಕ್ಕೆ ತಳ್ಳಿದರು. ನಾನು ಅವಳ ಮೊಣಕಾಲು ಹಿಡಿದೇ ನಿಂತಿದ್ದೆ. ಅವರು ಹೋದ ಮೇಲೆ ಅವಳು ಕೇಳಿದಳು: "ನಾನು ಬೇಡ ಅಂದಿದ್ದು ನಿಂಗೆ ಕೇಳಿಸ್ತು ತಾನೆ?" ನಾನು ಹೊದಿಕೆ ಸರಿಮಾಡಿದೆ.

ಹೋದ ವರ್ಷ ನೀನು ಇವರ ಮೇಲೆ ಇದೇ ದೂರು ಕೊಟ್ಟೆ. ಸಾಕ್ಷಿ ಹೇಳುವವರಿಲ್ಲದೆ ಸೋತು, ಸೂಲಗಿತ್ತಿಯ ಓದನ್ನೇ ಬಿಟ್ಟುಹೋದೆ. ನಿನ್ನ ಲಾಕರಿನಲ್ಲಿ ಈಗ ಬೇರೆ ಯಾರದೋ ಬೂಟುಗಳಿವೆ.

ಮಧ್ಯಾಹ್ನದ ಕಾಫಿಗೆ ಗುನ್‌ವೋರ್ ನನ್ನ ಮದುವೆಯ ಲೆಕ್ಕದಲ್ಲಿ ಹಸಿರು ಕೇಕ್ ತಂದಿದ್ದರು. "ಬಾರೇ ಮದುಮಗಳೇ, ಗುಲಾಬಿ ಇರೋ ತುಂಡು ನಿಂಗೇ! ನಿನ್ನ ತರಬೇತಿ ವರದಿಗೂ ಇವತ್ತೇ ಸಹಿ ಹಾಕ್ಬಿಡ್ತೀನಿ." ಅದೇ ಕೈ ತೂವಾ, ಥೂ! ಕೆನೆ ಗಂಟಲಲ್ಲಿ ಲೋಳೆಯಂತೆ ನಿಂತಿತು. ಹೇಗೋ ನುಂಗಿದೆ.

"ಇನ್ನೊಂದು ಚೂರು?" ಎಂದರು.

ನಾನು ತಟ್ಟೆ ಮುಂದೆ ಹಿಡಿದೆ.

ಸಿಗ್ನೆ