ಆರಿಸದ ಯಂತ್ರ

ಮನೆಯಿಂದ,
ಭಾನುವಾರ, ಜೂನ್ 9

ಪ್ರೀತಿಯ ಅಪ್ಪಾ,

ಮಂಡಿ ನೋವು ಹೇಗಿದೆ? ದೊಡ್ಡಪ್ಪನ ಮನೆಯ ಮೆಟ್ಟಿಲು ನಿನಗೆ ಆಗಿಬರುವುದಿಲ್ಲ ಎಂದು ಅಮ್ಮ ದಿನಕ್ಕೆರಡು ಸಲ ಹೇಳುತ್ತಾಳೆ. ಮುಲಾಮು ಮುಗಿದಿದ್ದರೆ ತಿಳಿಸು.

ಸುದ್ದಿಗೆ ಬರುತ್ತೇನೆ. ಕಾರ್ಖಾನೆಯವರು ನಿನ್ನನ್ನು ಮನೆಗೆ ಕಳಿಸಿದ ಮೇಲೆ ನಿನ್ನ ತೂತು ಕೊರೆಯುವ ಯಂತ್ರಕ್ಕೆ ಬಂದವನಿಗೆ ಇಪ್ಪತ್ತಾರು ವರ್ಷ, ಹದ್ದಿನ ಕಣ್ಣು. ಶುಕ್ರವಾರ ಸಂಜೆ ಅವನ ಉಕ್ಕಿನ ಬಿಲ್ಲೆಗಳೂ ತಿರಸ್ಕೃತವಾದವು. ನಿನ್ನ ಬಿಲ್ಲೆಗಳಲ್ಲಿ ಕಂಡಿದ್ದ ಅದೇ ತಪ್ಪು: ತೂತುಗಳ ನಡುವಿನ ಅಂತರ ಸರಿ, ಆದರೆ ಇಡೀ ವರ್ತುಲ ಅಂಚಿನ ಕಚ್ಚಿನಿಂದ ನಾಲ್ಕು ಕೂದಲೆಳೆಯಷ್ಟು ಜರುಗಿದೆ. "ಕಚ್ಚು ಕೂರಿಸೋಕೆ ಮುದುಕನಿಗೆ ಕಣ್ಣು ಕಾಣ್ಸಲ್ಲ" ಅಂದಿದ್ದ ಮ್ಯಾನೇಜರ್ ಈ ಸಲ ನನ್ನನ್ನು ಕರೆಸಿದ.

ಆ ಯಂತ್ರಕ್ಕೆ ನಾನು ಬರೆದುಕೊಟ್ಟಿದ್ದ ಪ್ರೋಗ್ರಾಂ ತೆರೆದು ನೋಡಿದೆ. ಬಿಲ್ಲೆ ಕೂರಿಸುವ ಮೇಜು ತಿರುಗಿದ ಕೋನಕ್ಕೆ ತ್ರಿಕೋನಮಿತಿಯ ಸೈನ್ ಲೆಕ್ಕ ಹಾಕಿಯೇ ಯಂತ್ರ ಕೊರೆಯುವ ಜಾಗ ಹಿಡಿಯುತ್ತದಲ್ಲ, ಅದು ಬೇಗ ಮುಗಿಯಲೆಂದು ಚಿಕ್ಕ ಕೋನಗಳಿಗಷ್ಟೇ ಸಲ್ಲುವ ಪುಟ್ಟ ಸೂತ್ರ ಇಟ್ಟಿದ್ದೆ. ಕೋನ ದೊಡ್ಡದಾದರೆ ಪೂರ್ತಿ ಸುತ್ತುಗಳನ್ನು ಕಳೆದು ಚಿಕ್ಕದು ಮಾಡಿಕೊಳ್ಳಬೇಕು. ಒಂದು ಸುತ್ತಿನ ಕೋನ, ಅಂದರೆ ಎರಡು ಪೈ, 6.28319 ಎಂದು ಬರೆದಿದ್ದೆ; ಐದು ದಶಮಾಂಶ ಧಾರಾಳವಾಯಿತು ಅಂದುಕೊಂಡಿದ್ದೆ. ಒಂದು ಸುತ್ತಿಗೆ ಬಿಟ್ಟ ಅಂಕಿಗಳ ವ್ಯತ್ಯಾಸ ಲೆಕ್ಕಕ್ಕೇ ಇಲ್ಲ. ಆದರೆ ಯಂತ್ರ ಆರಿಸುವವರೆಗೆ ಸುತ್ತುಗಳ ಎಣಿಕೆ ಸೊನ್ನೆಗೆ ಮರಳುವುದಿಲ್ಲ; ಪ್ರತಿ ಸುತ್ತಿಗೂ ತಪ್ಪು ಕೂಡುತ್ತಲೇ ಹೋಗುತ್ತದೆ. ಸಂಜೆಗೆ ಮುನ್ನೂರು ಸುತ್ತಾದಾಗ ಅರ್ಧ ಮೀಟರ್ ಅಗಲದ ಬಿಲ್ಲೆಯ ಅಂಚಿನಲ್ಲಿ ಮಿಲಿಮೀಟರಿನ ಮೂರನೇ ಒಂದು ಪಾಲು! ಎರಡು ಸಲ ಕೂಡಿ ನೋಡಿದೆ.

ಆರು ವರ್ಷ ನೀನು ಊಟಕ್ಕೆ ಹೋಗುವಾಗ ಯಂತ್ರ ಆರಿಸುತ್ತಿದ್ದೆ. "ನನಗೆ ಹಸಿವಾದ್ರೆ ಅದಕ್ಕೂ ಸುಸ್ತಾಗಿರುತ್ತೆ ಕಣೇ" ಅನ್ನುತ್ತಿದ್ದೆ. ಮಾರ್ಚಿನಲ್ಲಿ ಊಟದ ಹೊತ್ತಿಗೆ ಆರಿಸಕೂಡದೆಂದು ಆದೇಶ ಬಂತು. ತಪ್ಪೂ ಆಗಲೇ ಶುರುವಾಯಿತು. "ಮಧ್ಯಾಹ್ನ ಒಂದ್ಸಲ ಆರ್ಸೋಕೆ ಬಿಡ್ರಯ್ಯಾ, ಸರಿಹೋಗುತ್ತೆ" ಎಂದು ನೀನು ಬೇಡಿಕೊಂಡಾಗ ಎಲ್ಲರೂ ನಕ್ಕರು. ನಾನೂ ನಕ್ಕೆ.

ನಿನ್ನೆ ಮ್ಯಾನೇಜರ್ ಎದುರಿಗೇ ಹದಿನೈದು ದಶಮಾಂಶ ಹಾಕಿ, ಆರಿಸದೆ ಸಾವಿರ ಸುತ್ತು ಓಡಿಸಿದೆ. ಬಿಲ್ಲೆ ಕರಾರುವಾಕ್ಕು. ನಿನ್ನನ್ನು ಮರಳಿ ಕರೆಯುವ ಪತ್ರ ನಾಳೆ ಹೊರಡುತ್ತದೆ.

ದೊಡ್ಡಪ್ಪ, ದೊಡ್ಡಮ್ಮನಿಗೆ ನಮಸ್ಕಾರ ತಿಳಿಸು. ಇಳಿಯುವಾಗ ಕಂಬಿ ಹಿಡಿದುಕೋ.

ನಿನ್ನ
ಹಿರಿಮಗಳು

ತಾ.ಕ.: ನಿನ್ನ ಕಣ್ಣು ಮಂದವಾಗಿದೆ ಎಂಬ ವರದಿಯ ಕೊನೆಯ ಪುಟವನ್ನು ನಿನಗೆ ತೋರಿಸಿರಲಿಲ್ಲ. ಅದರಲ್ಲಿ ಮೂರು ಸಹಿಗಳಿದ್ದವು. ಮೂರನೆಯದು ನನ್ನದು. ನನ್ನ ಮೇಲಿನ ಸಿಟ್ಟಿಗೆ ಕೆಲಸ ಬೇಡ ಅನ್ನಬೇಡಪ್ಪಾ.