ಮೊದಲ ನೀರು

ಆಗಸ್ಟ್ 19, ಬೆಳಿಗ್ಗೆ 6.40

ಬಾಟಲಿ ಇಪ್ಪತ್ತನಾಲ್ಕು. ತೊಳೆದಾಯಿತು. ಲೇಬಲ್ ಅಂಟಿಸಿದ್ದಾಯಿತು. ಐಸ್ ಪೆಟ್ಟಿಗೆ ಹೊರುವ ಸರದಿ ಇವತ್ತು ನನ್ನದು. ಏಡಿ ಇನ್ನೂ ಮುಸುಕು ಹಾಕಿಕೊಂಡು ಬಿದ್ದಿದ್ದಾಳೆ. ರೂಮ್‌ಮೇಟು. ಹೊಳೆಯ ಏಡಿಗಳ ಮೇಲೆ ಓದುತ್ತಾಳೆ, ಅದಕ್ಕೇ ಆ ಹೆಸರು. ಎಬ್ಬಿಸಿದರೆ ಮೈಮೇಲೆ ಬರುತ್ತಾಳೆ, ಹೆಸರಿಗೆ ಅದೂ ಒಂದು ಕಾರಣ.

ಬಂದು ಹದಿನೆಂಟು ದಿನ. ಸಿಹಿನೀರಿನ ಆರೋಗ್ಯ — ಎರಡು ವರ್ಷದ ಟ್ರೈನಿಂಗ್. ಕೆರೆ, ಹೊಳೆ, ನಲ್ಲಿ, ಎಲ್ಲ. ಫೀಸಿಲ್ಲ, ಹಾಸ್ಟೆಲು ಅವರದೇ, ಮೇಲೆ ಸ್ಟೈಪೆಂಡು. ನಾನೂರು ಅರ್ಜಿಯಲ್ಲಿ ಹನ್ನೆರಡು ಜನ. ಅದರಲ್ಲಿ ನಾನೊಬ್ಬಳು. ಹೇಗೆ ಅಂತ ನನಗೆ ಗೊತ್ತು...

ನಿನ್ನೆ ಕಿರುಪುಸ್ತಕ ಕೊಟ್ಟರು. ಈ ವರ್ಷದವರ ಫೋಟೊ, ಪರಿಚಯ. ಮೊದಲನೇ ಪುಟದಲ್ಲೇ ನನ್ನ ಪ್ರಬಂಧ! ಅರ್ಜಿಯ ಜೊತೆ ಬರೆದಿದ್ದು — ನಿಮಗೂ ನೀರಿಗೂ ಇರುವ ನಂಟು. ಏಡಿ ಓದಿ ಮೂಗೊರೆಸಿಕೊಂಡಳು. "ಏನು ಬರೆದಿದ್ದೀಯೇ ಮಾರಾಯ್ತಿ, ನಿನ್ನ ತಮ್ಮ ಆಸ್ಪತ್ರೇಲಿ ಮಲಗಿದ್ದು ಓದ್ತಾ ಕಣ್ಣು ಮಂಜಾಯ್ತು."

ನಾನು ಓದಲಿಲ್ಲ. ಸೂಟ್‌ಕೇಸಿನ ಅಡಿಗೆ ತುರುಕಿದೆ. ಅದರಲ್ಲೊಂದು ಸಾಲಿದೆ: "ಒಬ್ಬ ನೌಕರನ ನಿರ್ಲಕ್ಷ್ಯದಿಂದ ನಮ್ಮ ಬೀದಿಯ ಹದಿನಾಲ್ಕು ಜನ ಹಾಸಿಗೆ ಹಿಡಿದರು."

ಆ ನೌಕರ ನಮ್ಮಪ್ಪ. ಅದೊಂದನ್ನು ಬರೆಯಲಿಲ್ಲ.

ಆಗಸ್ಟ್ 21, ಮಧ್ಯಾಹ್ನ

ಊಟ ಸೇರಲಿಲ್ಲ. ಈ ಡೈರಿಯಲ್ಲಾದರೂ ನಿಜ ಬರೆಯೋಣ, ಯಾರು ಓದುತ್ತಾರೆ.

ಅಪ್ಪ ವಾಲ್ವ್‌ಮ್ಯಾನ್ ಆಗಿದ್ದ. ನಮ್ಮ ಕಡೆಯ ಏಳು ಬೀದಿಗೆ ನೀರು ಬಿಡುವವನು. ಎದೆಮಟ್ಟದ ಕಬ್ಬಿಣದ ಕೀಲಿ, ಅದನ್ನು ಸೈಕಲ್ಲಿಗೆ ಉದ್ದಕ್ಕೆ ಕಟ್ಟಿಕೊಂಡು ಓಡಾಡುತ್ತಿದ್ದ. ಪೈಪು ರಿಪೇರಿಯಾದ ದಿನ ಒಂದು ಕ್ರಮ ಇದೆ. ಮೊದಲ ನೀರು ಮನೆಗಳಿಗಲ್ಲ. ಪೈಪಿನ ತುದಿಯ ವಾಲ್ವ್ ತೆರೆದು ಮುಕ್ಕಾಲು ಗಂಟೆ ಚರಂಡಿಗೆ ಬಿಡಬೇಕು. ಒಳಗೆ ಸೇರಿದ ಕೊಳೆಯೆಲ್ಲ ಹೋಗಿ ನೀರು ತಿಳಿಯಾಗಬೇಕು. ಆಮೇಲೇ ನಲ್ಲಿಗೆ.

ನನಗಾಗ ಒಂಬತ್ತು. ಶಾಲೆಯಲ್ಲಿ ಬಹುಮಾನ ಕೊಡುವ ದಿನ. ಕೈಬರಹಕ್ಕೆ ಎರಡನೇ ಬಹುಮಾನ — ಒಂದು ಪ್ಲಾಸ್ಟಿಕ್ ಊಟದ ಡಬ್ಬಿ. ಅದಕ್ಕೆ ಎಷ್ಟು ಕುಣಿದಾಟ! ಅಪ್ಪ ಬರಲೇಬೇಕು ಅಂತ ಹಟ. ನೇರ ಅವನ ಕೆಲಸದ ಜಾಗಕ್ಕೇ ಹೋದೆ. ಗುಂಡಿಯೊಳಗೆ ಬಗ್ಗಿ ಕೀಲಿ ತಿರುಗಿಸುತ್ತಿದ್ದ. ನೀರು ಟೀ ಬಣ್ಣದಲ್ಲಿ ಬರುತ್ತಿತ್ತು. ನಾನು ಸೈಕಲ್ಲಿನ ಬೆಲ್ಲು ಹೊಡೆದೆ. "ಅಪ್ಪಾ, ಬಾ. ಹೊತ್ತಾಯ್ತು." ಮತ್ತೆ ಹೊಡೆದೆ. "ಇರು ಪುಟ್ಟಿ, ಇನ್ನೊಂಚೂರು," ಅಂದ. ಬೆಲ್ಲು ನಿಲ್ಲಿಸಲೇ ಇಲ್ಲ. ಕಾಲು ಗಂಟೆಗೆ ತುದಿ ಮುಚ್ಚಿದ. ಮನೆಗಳಿಗೆ ತೆರೆದ. ನನ್ನನ್ನು ಕೂರಿಸಿಕೊಂಡು ತುಳಿದ.

ಡಬ್ಬಿ ಸಿಕ್ಕಿತು. ಅಪ್ಪ ಎದ್ದು ನಿಂತು ಚಪ್ಪಾಳೆ ಹೊಡೆದ.

ಮೂರನೇ ದಿನಕ್ಕೆ ತಮ್ಮನಿಗೆ ವಾಂತಿ. ಆಮೇಲೆ ಪಕ್ಕದ ಮನೆಯ ಅಜ್ಜಿ, ಎದುರು ಮನೆಯ ಇಬ್ಬರು... ಹದಿನಾಲ್ಕು. ಎಲ್ಲರೂ ಬದುಕಿಕೊಂಡರು. ಅಪ್ಪನಿಗೆ ಸಸ್ಪೆನ್ಷನ್. ವಾಪಸು ತೆಗೆದುಕೊಂಡಾಗ ಕೀಲಿ ಕೊಡಲಿಲ್ಲ. ಮೀಟರ್ ಓದುವ ಕೆಲಸ. ಹದಿನಾರು ವರ್ಷವಾಯಿತು, ಇವತ್ತಿಗೂ ಅದೇ.

ಇದೆಲ್ಲ ಗೊತ್ತಿದ್ದೂ ನಿರ್ಲಕ್ಷ್ಯ ಅಂತ ಬರೆದೆ. ಚೆನ್ನಾಗಿ ಕೂತಿತು ಆ ಪದ. ಥೂ ನನ್ನ.

ಆಗಸ್ಟ್ 22

ಅಪ್ಪನ ಫೋನು. "ಪುಸ್ತಕದಲ್ಲಿ ನಿಂದು ಬಂದಿದೆಯಂತೆ? ಒಂದು ಕಳಿಸು, ಆಫೀಸಲ್ಲಿ ತೋರಿಸ್ತೀನಿ."

ಕಾಪಿ ಮುಗಿದುಹೋದವು ಅಂದೆ.

ಸೆಪ್ಟೆಂಬರ್ 3, ಸಂಜೆ 5

ಏನಾಗಿಹೋಯಿತು ಇವತ್ತು.

ಹೋದ ವಾರ ಕೆರೆಗೆ ಹೋಗಿದ್ದೆವಲ್ಲ, ಆ ನೀರಿನ ರಿಪೋರ್ಟು ಬಂತು. ಕೋಡಿಯ ಹತ್ತಿರದ ಬಾಟಲಿಯಲ್ಲಿ ಫಾಸ್ಫೇಟು ಆಕಾಶಕ್ಕೇರಿದೆ. ಅಷ್ಟಿದ್ದರೆ ಕೆರೆ ಹಸಿರುಗಟ್ಟಿ ಮೀನು ತೇಲಬೇಕು. ಟ್ರೈನಿಂಗ್ ನಡೆಸುವ ಮೇಡಂ ಗಾಬರಿಯಾದರು. ಕೆರೆ ಕೆಳಗಿನವರಿಗೆ ಎಚ್ಚರಿಕೆಯ ಪತ್ರ ಟೈಪ್ ಮಾಡಿಸಿದರು. ಸಹಿ ಒಂದು ಬಾಕಿ.

ಲ್ಯಾಬಿನ ಅಣ್ಣ ತಡೆದರು. ಮೂವತ್ತು ವರ್ಷದಿಂದ ಅಲ್ಲೇ ಇರುವವರು, ಮಾತು ಕಡಿಮೆ. ಬಾಟಲಿ ಎತ್ತಿ ಮೂಸಿ, ನನ್ನ ಕಡೆ ನೋಡಿದರು. "ಇದನ್ನ ತುಂಬಿದ್ದು ಯಾರಮ್ಮಾ? ಕೆರೆ ನೀರಲ್ಲಿ ಮೂರು ಸಲ ತೊಳೆದು ಚೆಲ್ಲಿದ್ಯಾ?"

ಚೆಲ್ಲಿರಲಿಲ್ಲ. ಅವತ್ತು ದೋಣಿಯವನು ಬೇಗ ಬೇಗ ಅನ್ನುತ್ತಿದ್ದ, ಮೋಡ ಕಟ್ಟಿತ್ತು. ನೇರ ಅದ್ದಿ ತುಂಬಿಸಿಬಿಟ್ಟೆ. ಒಳಗೆ ಸೋಪಿನ ಪಸೆ ಉಳಿದಿತ್ತು. ಫಾಸ್ಫೇಟು ಕೆರೆಯದ್ದಲ್ಲ, ನಾನು ತಿಕ್ಕಿದ ಸೋಪಿನದು.

ಭೂಮಿ ಬಾಯಿ ಬಿಡಬಾರದಾ ಅನ್ನಿಸಿತು. ಹನ್ನೊಂದು ಜನರ ಎದುರು ಒಪ್ಪಿಕೊಂಡೆ. ಮೇಡಂ ಪತ್ರ ಹರಿದು ಬುಟ್ಟಿಗೆ ಹಾಕಿದರು. ಆಮೇಲೆ... ನಕ್ಕರು! "ಹೊಸಬರಲ್ವಾ, ಆಗುತ್ತೆ. ನಾನಂತೂ ಒಂದ್ಸಲ ಖಾಲಿ ಬಾಟಲಿಗಳನ್ನೇ ಲ್ಯಾಬಿಗೆ ಕಳಿಸಿದ್ದೆ. ನಾಳೆ ಹೋಗಿ ಮತ್ತೆ ತುಂಬ್ಕೊಂಡು ಬಾ." ಅಷ್ಟೇ. ಎಲ್ಲರೂ ನಕ್ಕರು. ಏಡಿ ಬೆನ್ನಿಗೊಂದು ಗುದ್ದಿದಳು. ಟೀ ಬಂತು.

ಸೆಪ್ಟೆಂಬರ್ 4, ಬೆಳಿಗ್ಗೆ

ಮೂರು ಸಲ ತೊಳೆದೆ. ಮೂರು ಸಲ ಚೆಲ್ಲಿದೆ. ದೋಣಿಯವನು ಗೊಣಗಲಿ.

ಅವಸರದಲ್ಲಿ ಮಾಡಿದ್ದೇ ತಪ್ಪು. ಅಪ್ಪನದೂ ಅದೇ, ನನ್ನದೂ ಅದೇ. ನನಗೆ ಟೀ ಕೊಟ್ಟರು.

ಹಾಗಂತ ಎರಡೂ ಒಂದೇ ಅಲ್ಲ, ಗೊತ್ತು. ಅಲ್ಲಿ ಹದಿನಾಲ್ಕು ಜನ ಮಲಗಿದ್ದರು. ಆದರೂ ಆ ಟೀ ಮರೆಯಲಾಗುತ್ತಿಲ್ಲ.

ಸೆಪ್ಟೆಂಬರ್ 12, ಮಧ್ಯಾಹ್ನ 1.30

ಇಪ್ಪತ್ತನೇ ತಾರೀಕು ಓಪನ್ ಡೇ. ಹಣ ಕೊಟ್ಟ ಸಂಸ್ಥೆಯವರು ಬರುತ್ತಾರೆ. ಮನೆಯವರನ್ನೂ ಕರೆಯಬಹುದು. ಮೇಡಂ ನನ್ನನ್ನು ಬೇರೆಯಾಗಿ ಕರೆದರು. "ನಿನ್ನ ಪ್ರಬಂಧ ನೀನೇ ಓದಬೇಕು. ಆಯ್ಕೆ ಸಮಿತಿಯಲ್ಲಿ ಅದನ್ನ ಓದಿದ ಮೇಲೆ ಮಾತೇ ಬೇಕಾಗ್ಲಿಲ್ಲ, ಗೊತ್ತಾ?"

ಹೇಳಿಬಿಡಲೇ ಅನ್ನಿಸಿತು. ನಾಲಿಗೆ ತುದಿಗೆ ಬಂದಿತ್ತು. ಅರ್ಜಿಯ ಕೊನೆಯಲ್ಲಿ ನಾನು ಸಹಿ ಹಾಕಿದ ಸಾಲು ನೆನಪಾಯಿತು — ಏನನ್ನೂ ಮರೆಮಾಚಿಲ್ಲ, ಮರೆಮಾಚಿದ್ದು ತಿಳಿದರೆ ಸೀಟು ರದ್ದು. ಸರಿ ಮೇಡಂ, ಅಂದೆ.

ಸೆಪ್ಟೆಂಬರ್ 14

ಅಪ್ಪನಿಗೆ ಫೋನು ಮಾಡಿದೆ. ಅದು ದೊಡ್ಡದೊಡ್ಡವರ ಕಾರ್ಯಕ್ರಮ ಅಪ್ಪಾ, ಬೋರು, ಬರಬೇಡ ಅಂದೆ. ಸರಿ ಬಿಡು ಅಂದ. ಫೋನು ಇಟ್ಟ ಮೇಲೆ ಅತ್ತೆ.

ಸಂಜೆ ತಮ್ಮ ಮಾಡಿದ. "ಅಕ್ಕಾ, ಅಪ್ಪ ರಜೆ ಹಾಕಿಯಾಯ್ತು. ಶರ್ಟು ಎರಡ್ಸಲ ಇಸ್ತ್ರಿ ಮಾಡಿದಾನೆ. ಬೇಡ ಅಂದ್ಯಂತೆ, ಅಮ್ಮನ ಹತ್ರ ಹೇಳ್ತಿದ್ದ — ಅವಳಿಗೆ ನನ್ನ ಪ್ರಯಾಣದ ಚಿಂತೆ, ಪಾಪ. ಹೇಗಿದ್ರೂ ಬರ್ತಾನೆ ನೋಡ್ತಿರು."

ಸೆಪ್ಟೆಂಬರ್ 19, ಸಂಜೆ

ಪುಸ್ತಕದ ಅಂಚಿನಲ್ಲಿ ಪೆನ್ಸಿಲಿನಿಂದ ಒಂದು ಸಾಲು ಬರೆದಿದ್ದೇನೆ. "ಆ ನೌಕರ ನನ್ನ ಅಪ್ಪ. ಅವಸರ ಮಾಡಿದವಳು ನಾನು." ನಾಳೆ ಓದುವಾಗ ಸೇರಿಸಿ ಓದುವುದು. ಸೀಟು ಹೋದರೆ ಹೋಗಲಿ.

ಏಡಿಯ ಎದುರು ಗಟ್ಟಿಯಾಗಿ ಓದಿ ಪ್ರಾಕ್ಟೀಸ್ ಮಾಡಿದೆ. ಆ ಸಾಲು ಬಿಟ್ಟು.

ಸೆಪ್ಟೆಂಬರ್ 20, ಸಂಜೆ 6

ಓದಲಿಲ್ಲ.

ಅಪ್ಪ ಮೂರನೇ ಸಾಲಿನಲ್ಲಿ ಕೂತಿದ್ದ. ಆಫೀಸಿನ ಬ್ಯಾಗು ತೊಡೆಯ ಮೇಲೆ. ನಾನು ವೇದಿಕೆ ಹತ್ತಿದ ಕೂಡಲೇ ಬೆನ್ನು ನೆಟ್ಟಗೆ ಮಾಡಿಕೊಂಡ. ಚೆನ್ನಾಗಿಯೇ ಓದುತ್ತಾ ಬಂದೆ. ಪೆನ್ಸಿಲ್ ಸಾಲು ಕಣ್ಣೆದುರು ಬಂತು. ಎದುರಿನ ಕುರ್ಚಿಯಲ್ಲಿ ಮೇಡಂ ತಲೆದೂಗುತ್ತಿದ್ದರು. ಕಣ್ಣು ತಾನಾಗಿ ಕೆಳಗಿಳಿಯಿತು, ಬಾಯಿ ಅದರ ಹಿಂದೆ ಹೋಯಿತು. "ಒಬ್ಬ ನೌಕರನ ನಿರ್ಲಕ್ಷ್ಯ" ಅಂತಷ್ಟೇ ಗಟ್ಟಿಯಾಗಿ, ಮೈಕಿನಲ್ಲಿ, ಅವನ ಮುಖಕ್ಕೇ ಓದಿದೆ.

ಅಪ್ಪ ಎದ್ದು ನಿಂತು ಚಪ್ಪಾಳೆ ಹೊಡೆದ. ಅವತ್ತಿನ ಹಾಗೇ.

ಆಮೇಲೆ ಟೀ ಹೊತ್ತಿನಲ್ಲಿ ನಡೆದದ್ದು. ಸಂಸ್ಥೆಯ ಹಿರಿಯರೊಬ್ಬರು ಅಪ್ಪನ ಪಕ್ಕ ನಿಂತಿದ್ದರು. "ತಂದೆಯವರಾ? ಒಳ್ಳೇ ಮಗಳನ್ನ ಪಡೆದಿದ್ದೀರಿ. ಅಂಥ ನೌಕರನನ್ನ ಅವತ್ತೇ ಮನೆಗೆ ಕಳಿಸಬೇಕಿತ್ತು, ಅಲ್ವಾ?"

ಅಪ್ಪ ಕಪ್ಪು ಕೆಳಗಿಟ್ಟ. "ಹೌದು ಸಾರ್," ಅಂದ.

ನಾನು ಎರಡು ಮಾರು ದೂರದಲ್ಲಿದ್ದೆ. ಕೈಯಲ್ಲಿ ಬಿಸ್ಕತ್ತು ಹಿಡಿದುಕೊಂಡು. ಬಾಯಿ ಬರಲಿಲ್ಲ. ಹೋಗಿ ಅವನ ಪಕ್ಕ ನಿಲ್ಲುವುದಕ್ಕೂ ಆಗಲಿಲ್ಲ ನನ್ನ ಕೈಲಿ.

ಬಸ್ ಸ್ಟಾಪಿನವರೆಗೆ ಜೊತೆಗೆ ಹೋದೆ. ಅರ್ಧ ದಾರಿಯವರೆಗೆ ಅಪ್ಪ ಬಸ್ಸಿನ ಹೊತ್ತು ಕೇಳುತ್ತಾ ನಡೆದ. ಆಮೇಲೆ, "ಒಂದು ತಪ್ಪು ಬರೆದಿದ್ದೀಯ."

ನಡೆಯುತ್ತಿದ್ದವಳು ನಿಂತುಬಿಟ್ಟೆ.

"ಆರಿಂಚಿನ ಪೈಪು ಅಂತ ಹಾಕಿದ್ದೀಯ. ಆರಲ್ಲ, ಎಂಟು. ಆರಿಂಚಲ್ಲಿ ಏಳು ಬೀದಿಗೆ ನೀರು ಹತ್ತುತ್ತಾ? ಇಷ್ಟು ಓದಿ ಇದು ಗೊತ್ತಾಗಲ್ವೇನೇ?" ನಕ್ಕ. ನಗಬೇಕಲ್ಲ, ನಾನೂ ನಕ್ಕೆ.

"ಅಪ್ಪಾ, ನೀನು ಮೊದಲೇ ಓದಿದ್ಯಾ?"

"ನಿಮ್ಮವರು ವೆಬ್‌ಸೈಟಿಗೆ ಹಾಕಿದ್ದನ್ನ ನಿನ್ನ ತಮ್ಮ ಫೋನಲ್ಲಿ ತೋರಿಸಿದ. ಹದಿನೈದು ದಿನ ಆಯ್ತು." ಬ್ಯಾಗನ್ನು ಇನ್ನೊಂದು ಹೆಗಲಿಗೆ ಹಾಕಿಕೊಂಡ. "ನಮ್ಮಪ್ಪ ಅಂತ ಬರೀದೆ ಒಬ್ಬ ನೌಕರ ಅಂತ ಬರೆದೆಯಲ್ಲ, ಅಲ್ಲೇ ನಿನ್ನ ದೊಡ್ಡತನ ಪುಟ್ಟಿ. ನನ್ನ ಮಾನ ಉಳಿಸಿದೆ. ನಾನೂ ಅವತ್ತು ವಿಚಾರಣೇಲಿ ನಿನ್ನ ಶಾಲೆ ವಿಷಯ ಎತ್ತಲಿಲ್ಲ. ಮರೆತುಬಿಟ್ಟೆ ಸಾರ್ ಅಂತ ಬರ್ಕೊಟ್ಟೆ. ಮಗೂನ ಯಾಕೆ ಎಳೀಬೇಕು."

ಮಾನ ಉಳಿಸಿದೆನಂತೆ! ಅಪ್ಪಾ ನಾನು ನಿನ್ನ ಮಾನಕ್ಕಲ್ಲ, ಸೀಟಿಗೆ ಅಂತ ಹೇಳಬೇಕಿತ್ತು. ಬಸ್ಸು ಬಂತು. ಕಿಟಕಿಯಿಂದ ಕೈ ಬೀಸಿದ. ನಾನೂ ಬೀಸಿದೆ. ಇಷ್ಟು ನಾಚಿಕೆ ನನ್ನ ಜನ್ಮದಲ್ಲೇ ಆಗಿರಲಿಲ್ಲ.

ಸೆಪ್ಟೆಂಬರ್ 23, ಬೆಳಿಗ್ಗೆ 8

ಎರಡು ದಿನ ಏನೂ ಬರೆಯಲಾಗಲಿಲ್ಲ. ಜ್ವರ ಅಂತ ಲ್ಯಾಬಿಗೆ ಹೇಳಿ ಕಳಿಸಿದೆ. ಏಡಿ ನಂಬಿದಳು, ಗಂಜಿ ತಂದಿಟ್ಟಳು. ಅದಕ್ಕೂ ನಾಚಿಕೆ.

ಇವತ್ತು ಎದ್ದು ಸ್ನಾನ ಮಾಡಿದೆ. ಅಪ್ಪನಿಗೆ ಫೋನು ಮಾಡಿದೆ. ಎಲ್ಲ ಹೇಳಿದೆ. ಮಾನಕ್ಕಲ್ಲ, ಸೀಟಿಗೆ. ಆ ಕಡೆ ಯಾರದೋ ಮನೆಯ ಮೀಟರ್ ಮುಚ್ಚಳ ಮುಚ್ಚಿದ ಶಬ್ದ ಕೇಳಿಸಿತು. "ಹೂಂ," ಅಂದ. ಆಮೇಲೆ, "ಈಗ ಕೆಲಸದಲ್ಲಿದೀನಿ ಕಣಮ್ಮ, ಇಡ್ತೀನಿ." ಇಟ್ಟ.

ಪುಟ್ಟಿ ಅನ್ನಲಿಲ್ಲ.

ಮೇಡಂ ಹತ್ತಕ್ಕೆ ಬರುತ್ತಾರೆ. ಕಾಗದ ಬರೆದುಕೊಂಡು ಹೋಗುವುದು, ಎದುರು ನಿಂತರೆ ಮತ್ತೆ ಬಾಯಿ ಕಟ್ಟುತ್ತೆ. ಇಲ್ಲಿ ಮೊದಲು ಬರೆದು, ಆಮೇಲೆ ಒಳ್ಳೆ ಹಾಳೆಗೆ ಇಳಿಸುತ್ತೇನೆ.

ಮೇಡಂ ಅವರಿಗೆ,

ನನ್ನ ಪ್ರಬಂಧದಲ್ಲಿ ಎರಡು ತಪ್ಪುಗಳಿವೆ. ಪೈಪು ಆರಿಂಚಿನದಲ್ಲ, ಎಂಟಿಂಚಿನದು. ನಿರ್ಲಕ್ಷ್ಯ ಅಂತ ನಾನು ಬರೆದ ನೌಕರ ನನ್ನ ಅಪ್ಪ. ಅವರು ಕೆಲಸ ಬಲ್ಲವರು. ಕೆಂಪು ನೀರು ಇನ್ನೂ ಹೋಗುತ್ತಿತ್ತು, ಅದು ಅವರಿಗೆ ಕಾಣುತ್ತಿತ್ತು, ಇನ್ನೊಂಚೂರು ಇರು ಅಂತಲೂ ಹೇಳಿದರು. ಆಗ ಅವರ ಸೈಕಲ್ಲಿನ ಬೆಲ್ಲು ಹೊಡೆಯುತ್ತಾ ನಿಂತಿದ್ದವಳು