ಗಣಿತಕ್ಕೆ ಹೆದರುವವರ ಗೈಡು

ಜೂನ್ ೧೨, ಗುರುವಾರ. ಪ್ರವೇಶ ಪರೀಕ್ಷೆಯ ಗಣಿತಕ್ಕೆ ಒಂದು ಗೈಡನ್ನು ಆರಿಸುವುದಷ್ಟೇ ಇಂದಿನ ಉದ್ದೇಶವಾಗಿತ್ತು.

ತರಗತಿಗೇ ಮೊದಲಿಗಳಾದ ನಾನು ಮಾದರಿ ಪರೀಕ್ಷೆಯಲ್ಲಿ ಪ್ರತಿ ಹಂತವನ್ನೂ ಬಿಡಿಸಿ ಬರೆಯುತ್ತ ಕುಳಿತು, ಅರ್ಧದಷ್ಟು ಪ್ರಶ್ನೆಗಳನ್ನು ಮುಟ್ಟಿರಲೇ ಇಲ್ಲ. ಪುಸ್ತಕದಂಗಡಿಯ ದಪ್ಪ ಗೈಡುಗಳೆಲ್ಲ ನನಗೆ ಗೊತ್ತಿರುವುದನ್ನೇ ಹೇಳುತ್ತಿದ್ದವು. ಬೇಗ ಉತ್ತರಿಸುವುದನ್ನು ಕಲಿಸುವ ಪುಸ್ತಕ ಒಂದೇ ಇತ್ತು. ಅದರ ಮೇಲೆ ಕೆಂಪಕ್ಷರದಲ್ಲಿ ‘ಗಣಿತಕ್ಕೆ ಹೆದರುವವರಿಗೆ’ ಎಂದಿತ್ತು.

“ತಮ್ಮನಿಗೇನಮ್ಮಾ?” ಎಂದರು ಅಂಗಡಿಯವರು. ಹೂಂ ಎಂದುಬಿಟ್ಟೆ. ನನಗೆ ತಮ್ಮನೇ ಇಲ್ಲ.

ಮನೆಯಲ್ಲಿ ಅಕ್ಕ ಬಿದ್ದು ಬಿದ್ದು ನಕ್ಕಳು. “ಮಹಾರಾಣಿಯವರು ನಾಳೆ ಇದನ್ನ ಹಿಡ್ಕೊಂಡು ಕ್ಲಾಸಿಗೆ ಹೋಗ್ತಾರಾ? ನೀನು ತಗೊಂಡಿದ್ದನ್ನೇ ಎಲ್ಲರೂ ತಗೋತಾರಲ್ಲೇ! ಕೊಡಿಲ್ಲಿ, ಕಂದು ಕಾಗದದ ಬೈಂಡ್ ಹಾಕ್ತೀನಿ, ಹೆಸರು ಕಾಣಲ್ಲ.”

ಪುಸ್ತಕವನ್ನು ಹಾಗೆಯೇ ಚೀಲದಲ್ಲಿಟ್ಟಿದ್ದೇನೆ. ಎಲ್ಲರೂ ಕೊಳ್ಳುವುದಾದರೆ ಹೆಸರು ನೋಡಿಯೇ ಕೊಳ್ಳಲಿ; ಬೈಂಡ್ ಹಾಕಿಸುವುದಿಲ್ಲ.